ಬಿಲ್ ಯಾರ ಹೆಸರಿಗೆ?

ಕಂಪನಿಯವರು ನನಗೊಬ್ಬ ಕೋಚ್ ಗೊತ್ತು ಮಾಡಿದ್ದಾರೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ಗಾಬರಿಯಾಯಿತು. "ಅಲ್ಲ ಕಣೋ, ಕೆಲಸಕ್ಕೆ ಸೇರಿ ಎಂಟು ವರ್ಷ ಆಯ್ತು. ಇನ್ನೂ ಕೋಚಿಂಗ್‌ಗೆ ಹೋಗ್ಬೇಕಾ? ಯಾವುದರಲ್ಲಾದ್ರೂ ಫೇಲ್ ಆದ್ಯಾ?" ಅಮ್ಮನ ಲೆಕ್ಕದಲ್ಲಿ ಕೋಚಿಂಗ್ ಅಂದರೆ ಒಂದೇ. ಸೆಕೆಂಡ್ ಪಿಯುಸಿಯಲ್ಲಿ ನಾನು ಬಸ್ಸು ಹತ್ತಿ ಹಾಸನಕ್ಕೆ ಹೋಗುತ್ತಿದ್ದ ಸಿಇಟಿ ಕೋಚಿಂಗ್. ಆ ವರ್ಷ ತೆಂಗಿನಕಾಯಿ ರೇಟು ಬಿದ್ದಿತ್ತು. ಫೀಸಿಗೆ ಅಂತ ಅಮ್ಮ ತನ್ನ ಓಲೆಯನ್ನು ಸೊಸೈಟಿಯಲ್ಲಿ ಅಡ ಇಟ್ಟಿದ್ದಳು.

"ಇದಕ್ಕೆ ನಾವು ದುಡ್ಡು ಕೊಡೋ ಹಂಗಿಲ್ಲಮ್ಮ, ಕಂಪನಿಯೇ ಕೊಡುತ್ತೆ" ಅಂದೆ.

"ಅವರ್ಯಾಕೆ ಕೊಡ್ತಾರೆ?" ಅಂದಳು.

ನಾನು ನಕ್ಕು ಮಾತು ಬದಲಿಸಿದೆ. ಆ ಪ್ರಶ್ನೆಗೆ ಉತ್ತರ ಗೊತ್ತಾಗಿದ್ದು ಏಳು ತಿಂಗಳ ಮೇಲೆ.

ಆ ಕೋಚ್ ತುಂಬಾ ಒಳ್ಳೆಯ ಹೆಂಗಸು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಮ್ಮ ಎಚ್‌ಆರ್ ವಿಭಾಗದವರೇ, ಕೋಚಿಂಗ್ ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಹದಿನೈದು ದಿನಕ್ಕೊಮ್ಮೆ ಚಿಕ್ಕ ಮೀಟಿಂಗ್ ರೂಮಿನಲ್ಲಿ ಒಂದು ಗಂಟೆ ಕೂರುತ್ತಿದ್ದೆವು. ಅವರು ಸಲಹೆ ಕೊಡುತ್ತಿರಲಿಲ್ಲ. ನಾನು ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ನನಗೇ ಹೇಳೋರು. ನಾನು ಸುಮ್ಮನಾದರೆ ಅವರೂ ಸುಮ್ಮನಿರೋರು. ಮೂರನೇ ಭೇಟಿಯಲ್ಲೋ ನಾಲ್ಕನೆಯದರಲ್ಲೋ ಅಪ್ಪನಿಗೆ ಲಕ್ವ ಹೊಡೆದಿದ್ದು, ತೋಟ ನೋಡೋರಿಲ್ಲದೆ ಪಾಳು ಬೀಳುತ್ತಿರೋದು, ಒಂದು ವರ್ಷ ಕೆಲಸ ಬಿಟ್ಟು ಊರಿಗೆ ಹೋಗಿಬಿಡಲಾ ಅನ್ನೋ ಯೋಚನೆ, ಎಲ್ಲ ಹೊರಗೆ ಬಂತು. ಹೆಂಡತಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಅವತ್ತು ರಾತ್ರಿ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಊರಿಗೆ ಶಿಫ್ಟ್ ಆಗೋ ಪ್ಲ್ಯಾನ್ ಇದೆಯಂತಲ್ಲ?" ಅಂದರು. ನನಗೆ ಅಂತ ಮಾತಾಗಿದ್ದ ಜರ್ಮನಿ ಆನ್‌ಸೈಟ್ ಪಕ್ಕದ ಟೀಮಿನವರಿಗೆ ಹೋಯಿತು. ವಿಚಾರಿಸಿದರೆ ಕೋಚ್ ಯಾರ ಹತ್ತಿರವೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಪ್ರತಿ ಸೆಷನ್ ಆದಮೇಲೆ ಅವರು ತುಂಬಬೇಕಾದ ಒಂದು ಶೀಟ್ ಇತ್ತು. ಅದರಲ್ಲಿ ಕೆಲಸ ಬಿಡುವ ಸಾಧ್ಯತೆ ಎಷ್ಟು ಅಂತ ಒಂದು ಕಾಲಂ. ನನ್ನ ಹೆಸರಿನ ಮುಂದೆ ಅವರು ಬರೆದದ್ದು ಮೂರೇ ಪದ: "ಹೈ, ಊರಿನ ಕಾರಣ". ಆ ಶೀಟ್ ಇದೆ ಅಂತ ಅವರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬಗ್ ಸಿಕ್ಕಿದಾಗ ನಾವು ಮೊದಲು ನೋಡುವುದು ಹಿಸ್ಟರಿ. ಈ ಸಾಲನ್ನು ಯಾರು ಬರೆದರು, ಯಾವಾಗ ಬರೆದರು, ಯಾವುದಕ್ಕೋಸ್ಕರ ಬರೆದರು. ಸಿಟ್ಟಿನ ಭರದಲ್ಲಿ ನಾನು ಕೋಚಿಂಗ್‌ನ ಹಿಸ್ಟರಿಯನ್ನು ಹಾಗೇ ಕೆದಕಲು ಕೂತೆ. ಮೊದಲು ಗೊತ್ತಾಗಿದ್ದು ಅಮ್ಮ ಹೇಳಿದ್ದೇ ಸರಿ ಅನ್ನೋದು.

ಹಂಗೇರಿಯಲ್ಲಿ ಕೋಚ್ ಅಂತ ಒಂದು ಹಳ್ಳಿ ಇದೆ. ಐನೂರು ವರ್ಷದ ಹಿಂದೆ ಅಲ್ಲಿಯ ಬಡಗಿಗಳು ಒಳ್ಳೇ ಕುದುರೆಗಾಡಿ ಕಟ್ಟುವುದಕ್ಕೆ ಹೆಸರಾಗಿದ್ದರು. ಊರಿನ ಹೆಸರೇ ಗಾಡಿಗೆ ಬಂತು, ಗಾಡಿಯ ಜೊತೆ ಯುರೋಪಿನ ಭಾಷೆಗಳಿಗೆಲ್ಲ ಹೋಯಿತು. ನಮ್ಮ ರೈಲಿನ ಕೋಚ್ ನಂಬರಿನಲ್ಲಿರುವುದೂ ಅದೇ ಹಳ್ಳಿ. 1830ರ ಹೊತ್ತಿಗೆ ಆಕ್ಸ್‌ಫರ್ಡಿನ ಹುಡುಗರು ಪರೀಕ್ಷೆಗೆ ಪಾಠ ಹೇಳಿಕೊಡುವ ಖಾಸಗಿ ಮೇಷ್ಟ್ರನ್ನು ತಮಾಷೆಗೆ ಕೋಚ್ ಅನ್ನಲು ಶುರು ಮಾಡಿದರು. ನಮ್ಮನ್ನು ಹೇರಿಕೊಂಡು ಹೋಗಿ ಆಚೆ ದಡಕ್ಕೆ ಇಳಿಸುವ ಗಾಡಿ ಅಂತ. ಆಟದ ಮೈದಾನಕ್ಕೆ ಈ ಪದ ಬಂದದ್ದು ಅದಾದ ಮೇಲೆ. ಹಾಗಾಗಿ ಹಾಸನದ ಸಿಇಟಿ ಕೋಚಿಂಗೇ ಮೂಲ ಅರ್ಥ, ನಮ್ಮ ಮೀಟಿಂಗ್ ರೂಮಿನದು ಆಮೇಲಿನದು.

ಆ ಕಾಲದ ಕೋಚಿಂಗ್ ಏನು ಕಮ್ಮಿಯದಲ್ಲ. ಕೇಂಬ್ರಿಜ್‌ನ ಗಣಿತದ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರಿಗೆ ರ‍್ಯಾಂಗ್ಲರ್ ಅನ್ನುತ್ತಿದ್ದರು. ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರಿಂದಾಗಿ ಧಾರವಾಡದ ಕಡೆಯವರಿಗೆ ಈ ಪದ ಹೊಸದಲ್ಲ. ಮೊದಲ ರ‍್ಯಾಂಕ್ ಬಂದವರು ಸೀನಿಯರ್ ರ‍್ಯಾಂಗ್ಲರ್. ಅಲ್ಲಿ ವಿಲಿಯಂ ಹಾಪ್ಕಿನ್ಸ್ ಅನ್ನೋ ಕೋಚ್ ಇದ್ದರು. ಮದುವೆಯಾಗಿದ್ದವರಿಗೆ ಆಗ ಕಾಲೇಜಿನ ಫೆಲೋ ಹುದ್ದೆ ಕೊಡುತ್ತಿರಲಿಲ್ಲವಾದ್ದರಿಂದ ಹೊಟ್ಟೆಪಾಡಿಗೆ ಪಾಠ ಹೇಳುತ್ತಿದ್ದರು. ಸ್ಟೋಕ್ಸ್, ಕೆಲ್ವಿನ್, ಮ್ಯಾಕ್ಸ್‌ವೆಲ್ ಎಲ್ಲಾ ಇವರ ಕೈಯಲ್ಲಿ ತಯಾರಾದವರು. 1854ರಲ್ಲಿ ಮ್ಯಾಕ್ಸ್‌ವೆಲ್‌ನನ್ನು ಎರಡನೇ ಸ್ಥಾನಕ್ಕೆ ತಳ್ಳಿ ಮೊದಲು ಬಂದ ಎಡ್ವರ್ಡ್ ರೌತ್ ಮುಂದೆ ತಾನೇ ಕೋಚ್ ಆಗಿ ಇಪ್ಪತ್ತಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡಿದ.

ನಾನು ಇಲ್ಲಿ ಗಮನಿಸಿದ್ದು ಗಣಿತವನ್ನಲ್ಲ, ದುಡ್ಡನ್ನು. ರೌತ್‌ಗೆ ಫೀಸು ಬರುತ್ತಿದ್ದದ್ದು ಹುಡುಗನ ಮನೆಯಿಂದ. ಹುಡುಗ ರ‍್ಯಾಂಕ್ ಬಂದರೆ ರೌತ್‌ಗೆ ಹೆಸರು. ಇಬ್ಬರಿಗೂ ಬೇಕಾಗಿದ್ದು ಒಂದೇ. ನನ್ನ ಹಾಸನದ ಮೇಷ್ಟ್ರದೂ ಅದೇ ವ್ಯವಹಾರ. ಹುಡುಗ ತನಗೆ ಇಂಟಿಗ್ರೇಷನ್ ತಲೆಗೆ ಹತ್ತಲ್ಲ ಅಂತ ಒಪ್ಪಿಕೊಂಡರೆ ಆ ಮಾತು ಇನ್ನೊಬ್ಬರಿಗೆ ಬೇಕಾಗಿರಲಿಲ್ಲ, ಹಾಗಾಗಿ ಗುಟ್ಟು ಕಾಯುವ ನಿಯಮ ಬರೆದಿಡುವ ಅಗತ್ಯವೂ ಬೀಳಲಿಲ್ಲ.

ಅಗತ್ಯ ಬಿದ್ದಿದ್ದು ಒಂದು ಟೆಲಿಫೋನ್ ಫ್ಯಾಕ್ಟರಿಯಲ್ಲಿ.

ಶಿಕಾಗೊ ಪಕ್ಕದ ಸಿಸೆರೊ ಅನ್ನೋ ಊರಿನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. 1920ರ ದಶಕದ ಕೊನೆಯಲ್ಲಿ ಅಲ್ಲಿ ಸುಮಾರು 40,000 ಜನ ಕೆಲಸ ಮಾಡುತ್ತಿದ್ದರು. ಎಂಬಿಎ ಮಾಡಿದವರಿಗೆ ಈ ಹೆಸರು ಗೊತ್ತು. ದೀಪದ ಬೆಳಕು ಜಾಸ್ತಿ ಮಾಡಿದರೂ ಉತ್ಪಾದನೆ ಏರಿತು, ಕಡಿಮೆ ಮಾಡಿದರೂ ಏರಿತು ಅನ್ನೋ ಕಥೆ ಎಲ್ಲಾ ಪಠ್ಯಪುಸ್ತಕದಲ್ಲೂ ಇದೆ. ನನಗೆ ಮುಖ್ಯ ಅನ್ನಿಸಿದ್ದು ಪಠ್ಯಪುಸ್ತಕ ಎರಡು ಸಾಲಿನಲ್ಲಿ ದಾಟಿಹೋಗುವ ಇನ್ನೊಂದು ಕೆಲಸ. 1928ರಿಂದ 1930ರವರೆಗೆ ಕಂಪನಿ ತನ್ನ ಕಾರ್ಮಿಕರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡಿಸಿತು. ಒಟ್ಟು 21,126 ಜನರನ್ನು.

ಶುರುವಿನಲ್ಲಿ ಅದು ನಮ್ಮ ಈಗಿನ ಎಂಪ್ಲಾಯೀ ಸರ್ವೆಯಂತೆಯೇ ಇತ್ತು. ಮೇಲ್ವಿಚಾರಕ ಹೇಗೆ, ಕೆಲಸದ ಜಾಗ ಹೇಗೆ, ಕೆಲಸ ಹೇಗೆ ಅಂತ ಪ್ರಶ್ನೆಗಳ ಪಟ್ಟಿ. ಆದರೆ ಸಂದರ್ಶನ ಮಾಡುತ್ತಿದ್ದವರಿಗೆ ಒಂದು ತಲೆನೋವು. ಜನ ಪ್ರಶ್ನೆಗೆ ಉತ್ತರ ಕೊಡದೆ ಬೇರೇನೋ ಹೇಳುತ್ತಿದ್ದರು. ಕ್ಯಾಂಟೀನ್ ಬಗ್ಗೆ ಕೇಳಿದರೆ ಮಗನ ಕಾಯಿಲೆಗೆ ಹೋಗುತ್ತಿದ್ದರು. ಅವರನ್ನು ಪ್ರಶ್ನೆಗೆ ಎಳೆದು ತಂದರೆ ಮಾತೇ ನಿಂತುಹೋಗುತ್ತಿತ್ತು. 1929ರಲ್ಲಿ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಹೊಸ ಕ್ರಮ ಇಷ್ಟೇ: ಅವರು ಎಲ್ಲಿಂದ ಶುರು ಮಾಡುತ್ತಾರೋ ಅಲ್ಲಿಂದಲೇ ಕೇಳು. ಮಧ್ಯೆ ಬಾಯಿ ಹಾಕಬೇಡ, ವಾದ ಮಾಡಬೇಡ, ಬುದ್ಧಿ ಹೇಳಬೇಡ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಮಾತುಕತೆ ಒಂದೂವರೆ ಗಂಟೆಗೆ ಏರಿತು.

ಇದರ ಹಿಂದೆ ಇದ್ದವರಲ್ಲಿ ಒಬ್ಬರು ಆಸ್ಟ್ರೇಲಿಯಾದಿಂದ ಹಾರ್ವರ್ಡ್‌ಗೆ ಬಂದಿದ್ದ ಎಲ್ಟನ್ ಮೇಯೊ. ಅವರು ಒಂದು ಪ್ರಸಂಗ ಹೇಳುತ್ತಾರೆ. ಒಬ್ಬ ಕಾರ್ಮಿಕ ಹೆಂಗಸಿಗೆ ತನ್ನ ಮೇಲ್ವಿಚಾರಕನನ್ನು ಕಂಡರೆ ಆಗುತ್ತಿರಲಿಲ್ಲ. ಯಾರೂ ಏನೂ ಹೇಳಿಕೊಡದೆ, ಸುಮ್ಮನೆ ಮಾತಾಡುತ್ತಾ ಮಾತಾಡುತ್ತಾ ಅವಳಿಗೇ ಹೊಳೆಯಿತಂತೆ, ಆತ ನೋಡಲು ತಾನು ದ್ವೇಷಿಸುತ್ತಿದ್ದ ಮಲತಂದೆಯ ಹಾಗಿದ್ದಾನೆ ಅಂತ. ಇವತ್ತು ಗಂಟೆಗೆ ಸಾವಿರಾರು ರೂಪಾಯಿ ಫೀಸು ತೆಗೆದುಕೊಳ್ಳುವ ಕೋಚ್ ಕಲಿಯುವ ಮೊದಲ ಪಾಠ ಇದು. ಉತ್ತರ ಎದುರಿಗೆ ಕೂತವರ ಒಳಗೇ ಇರಬಹುದು, ನೀನು ಅಡ್ಡ ಬರಬೇಡ.

ಈ ಕೆಲಸ ನಡೆಯಬೇಕಾದರೆ ಕಂಪನಿ ಒಂದು ಭರವಸೆ ಕೊಡಲೇಬೇಕಿತ್ತು: ಯಾರು ಏನು ಹೇಳಿದರು ಅನ್ನೋದು ಹೊರಗೆ ಹೋಗಲ್ಲ. ಯಾಕೆಂದರೆ ಇಲ್ಲಿ ಮೊದಲ ಬಾರಿಗೆ ಮಾತಾಡೋರು ಒಬ್ಬರು, ದುಡ್ಡು ಕೊಡೋರು ಇನ್ನೊಬ್ಬರು. ಕೇಳಿಸಿಕೊಳ್ಳೋನು ಮಧ್ಯೆ.

ಆರ್ಥಿಕ ಕುಸಿತ ಬಂದು ಸಂದರ್ಶನಗಳು ನಿಂತವು. 1936ರಲ್ಲಿ ಅದೇ ಕಾರ್ಖಾನೆ ಅದನ್ನೇ ಕಾಯಂ ವ್ಯವಸ್ಥೆಯಾಗಿ ಶುರು ಮಾಡಿತು. ಕೌನ್ಸೆಲರ್‌ಗಳು ಕಾರ್ಖಾನೆಯೊಳಗೆ ಓಡಾಡಿಕೊಂಡು ಇರೋರು. ಅವರಿಗೆ ಯಾರ ಮೇಲೂ ಅಧಿಕಾರವಿಲ್ಲ. ಯಾರನ್ನೂ ಬಡ್ತಿಗೆ ಶಿಫಾರಸು ಮಾಡುವ ಹಾಗಿಲ್ಲ, ಯಾರ ಮೇಲೂ ದೂರು ಕೊಡುವ ಹಾಗಿಲ್ಲ. ಕೇಳೋದು, ಅಷ್ಟೇ. ಇದು ಇಪ್ಪತ್ತು ವರ್ಷದ ಹತ್ತಿರ ನಡೆದು 1950ರ ದಶಕದಲ್ಲಿ ಕಳೆಗುಂದಿತು.

ಭರವಸೆ ಉಳಿಯಿತಾ? ಹೆಸರು ಹೊರಗೆ ಹೋಗಬಾರದು ಅನ್ನೋ ನಿಯಮವಂತೂ ಇತ್ತು. ಆದರೆ ಟೀಕೆ ಬಂದದ್ದು ಬೇರೆ ಕಡೆಯಿಂದ. 1951ರಲ್ಲಿ ವಿಲೆನ್ಸ್ಕಿ ದಂಪತಿ ಈ ವ್ಯವಸ್ಥೆಯ ಮೇಲೆ ಒಂದು ಲೇಖನ ಬರೆದರು. ಅವರ ವಾದದ ಸಾರ ಇದು: ಗುಟ್ಟು ಗುಟ್ಟಾಗಿಯೇ ಉಳಿದರೂ ಲಾಭ ಕಂಪನಿಗೇ. ಕಾರ್ಮಿಕ ತನ್ನ ಸಂಕಟವನ್ನು ಕೌನ್ಸೆಲರ್ ಮುಂದೆ ಹರಿಬಿಟ್ಟರೆ ಆ ಸಂಕಟ ಯೂನಿಯನ್ನಿಗೆ ಹೋಗುವುದಿಲ್ಲ. ಸಂಬಳ ಕಮ್ಮಿ ಅನ್ನೋದು ಸಂಬಳದ ಸಮಸ್ಯೆಯಾಗಿ ಉಳಿಯದೆ ಅವನ ಮನಸ್ಸಿನ ಸಮಸ್ಯೆಯಾಗಿಬಿಡುತ್ತದೆ. ಆ ಕಾಲದ ಟೀಕಾಕಾರರು ಇಂಥ ವಿದ್ಯೆಯನ್ನೆಲ್ಲ ಹಸುವಿನ ಸಮಾಜಶಾಸ್ತ್ರ ಅಂತ ಲೇವಡಿ ಮಾಡುತ್ತಿದ್ದರು. ಹಸು ಸಮಾಧಾನವಾಗಿದ್ದರೆ ಹಾಲು ಜಾಸ್ತಿ ಕೊಡುತ್ತದೆ ಅನ್ನೋ ಅರ್ಥದಲ್ಲಿ. ಇದನ್ನು ಓದಿದಾಗ ನನಗೆ ನಮ್ಮ ಕೊಟ್ಟಿಗೆ ನೆನಪಾಯಿತು. ಅಮ್ಮ ಹಾಲು ಕರೆಯುವ ಮುಂಚೆ ಹಸುವಿನ ಗಂಗೆದೊಗಲು ನೀವುತ್ತಾ ಮಾತಾಡಿಸುತ್ತಾಳೆ. ಅದು ನಾಟಕವಲ್ಲ, ಅವಳಿಗೆ ಹಸುವಿನ ಮೇಲೆ ನಿಜವಾಗಿ ಪ್ರೀತಿ. ಹಾಲು ಡೈರಿಗೆ ಹೋಗುವುದೂ ಅಷ್ಟೇ ನಿಜ. ನನ್ನ ಕೋಚ್ ವಿಷಯದಲ್ಲೂ ಎರಡೂ ನಿಜ ಇರಬಹುದು ಅಂತ ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಕೇಳಿಸಿಕೊಳ್ಳುವ ವಿದ್ಯೆಯನ್ನು ಫ್ಯಾಕ್ಟರಿಯಿಂದ ಹೊರಗೆ, ಬೇರೆಯೇ ದಾರಿಯಲ್ಲಿ ಕಟ್ಟಿದವರು ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್. 1942ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಜೊತೆ ನಡೆದ ಮಾತುಕತೆಯನ್ನು ಮೊದಲಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ ಅಚ್ಚು ಮಾಡಿದ್ದರು. ಅದಕ್ಕೆ ಮುಂಚೆ ಆ ಕೋಣೆಯೊಳಗೆ ಏನು ನಡೆಯುತ್ತೆ ಅನ್ನೋದಕ್ಕೆ ಕೌನ್ಸೆಲರ್ ನೆನಪಿನಿಂದ ಬರೆದ ಟಿಪ್ಪಣಿಯೇ ಗತಿ. ಟೇಪ್ ರೆಕಾರ್ಡರ್ ಇಲ್ಲದ ಕಾಲ, ಗ್ರಾಮಫೋನ್ ತಟ್ಟೆಯ ಮೇಲೆ ಧ್ವನಿ ಕೊರೆಯಬೇಕು, ಒಂದೊಂದು ಬದಿಗೆ ಸುಮಾರು ಮೂರು ನಿಮಿಷ. ಆ ತಟ್ಟೆಗಳನ್ನು ಮತ್ತೆ ಹಾಕಿ ಕೇಳಿದಾಗ ಕೌನ್ಸೆಲರ್‌ಗಳಿಗೆ ತಾವು ಎಷ್ಟು ಮಾತಾಡುತ್ತೇವೆ, ಎಷ್ಟು ದಾರಿ ತಪ್ಪಿಸುತ್ತೇವೆ ಅಂತ ಕಿವಿಯಾರೆ ಗೊತ್ತಾಯಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಮೊದಲ ಸಲ ಲಾಗ್ ಸಿಕ್ಕಿತು.

ರೋಜರ್ಸ್ ಹೇಳಿದ್ದು ಬರೀ ಕೌಶಲದ ಮಾತಲ್ಲ. ಎದುರಿನವರನ್ನು ತೂಗದೆ ಒಪ್ಪಿಕೊಳ್ಳಬೇಕು, ಅವರ ಜಾಗದಲ್ಲಿ ನಿಂತು ನೋಡಬೇಕು, ನಾನು ಒಳಗೊಂದು ಹೊರಗೊಂದು ಇರಬಾರದು. ಈ ಮೂರರಲ್ಲಿ ಮೂರನೆಯದು ನನಗೆ ನಾಟಿತು. ತುಂಬಬೇಕಾದ ಶೀಟೊಂದು ಬಾಕಿ ಇರುವಾಗ ಹಾಗಿರಲು ಆಗುತ್ತಾ? ತಮಾಷೆ ಅಂದರೆ 1957ರಲ್ಲಿ ರೋಜರ್ಸ್ ಮತ್ತು ರಿಚರ್ಡ್ ಫಾರ್ಸನ್ ಸೇರಿ ಒಂದು ಪುಟ್ಟ ಹೊತ್ತಿಗೆ ತಂದರು. ಇವತ್ತು ಎಲ್ಲಾ ಕಂಪನಿಯ ಟ್ರೈನಿಂಗ್ ಸ್ಲೈಡಿನಲ್ಲೂ ಇರುವ ಆಕ್ಟಿವ್ ಲಿಸನಿಂಗ್ ಅನ್ನೋ ಮಾತು ಚಲಾವಣೆಗೆ ಬಂದದ್ದು ಅದರಿಂದ. ಅದು ಬಂದದ್ದು ಶಿಕಾಗೊ ವಿಶ್ವವಿದ್ಯಾಲಯದ ಕೈಗಾರಿಕಾ ಸಂಬಂಧಗಳ ಕೇಂದ್ರದಿಂದ. ವಿದ್ಯೆ ಮತ್ತೆ ಫ್ಯಾಕ್ಟರಿಗೇ ವಾಪಸ್ಸು, ಈ ಸಲ ಸೂಪರ್‌ವೈಸರ್‌ಗಳ ಕೈಗೆ.

ಇಲ್ಲಿಂದ ಮುಂದಿನ ಕಥೆ ನಮ್ಮ ಕಸುಬಿನದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಅನ್ನೋ ಪ್ರೊಫೆಸರ್ ಎಲೈಜಾ ಅಂತ ಒಂದು ಪ್ರೋಗ್ರಾಂ ಪ್ರಕಟಿಸಿದರು. ನಾಜಿಗಳ ಕಾಲದಲ್ಲಿ ಹುಡುಗನಾಗಿದ್ದಾಗ ಬರ್ಲಿನ್ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ಕುಟುಂಬದವರು. ಎಲೈಜಾ ಟೈಪ್ ಮಾಡಿದ ಮಾತಿಗೆ ಟೈಪಿಸಿಯೇ ಉತ್ತರ ಕೊಡುತ್ತಿತ್ತು. ಅದಕ್ಕೆ ಅವರು ಬರೆದ ಪ್ರಸಿದ್ಧ ಸ್ಕ್ರಿಪ್ಟ್ ರೋಜರ್ಸ್ ಶೈಲಿಯ ಥೆರಪಿಸ್ಟಿನ ಅಣಕ. ಆ ಶೈಲಿಯನ್ನೇ ಯಾಕೆ ಆರಿಸಿಕೊಂಡರು? ಪ್ರಪಂಚದ ಬಗ್ಗೆ ಏನೂ ತಿಳಿಯದಿದ್ದರೂ ನಡೆಯುವ ಮಾತುಕತೆ ಅದೊಂದೇ. ಎದುರಿನವರು ಹೇಳಿದ್ದನ್ನೇ ತಿರುಗಿಸಿ ಕೇಳಿದರೆ ಸಾಕು. ಪ್ರೋಗ್ರಾಂ ವಾಕ್ಯದಲ್ಲಿ ಮುಖ್ಯ ಪದ ಹುಡುಕುತ್ತೆ, ವಾಕ್ಯವನ್ನು ತುಂಡು ಮಾಡುತ್ತೆ, 'ನನ್ನ' ಇದ್ದಲ್ಲಿ 'ನಿನ್ನ' ಹಾಕಿ ಮತ್ತೆ ಜೋಡಿಸುತ್ತೆ. ಏನೂ ಸಿಗದಿದ್ದರೆ ಮುಂದೆ ಹೇಳಿ ಅನ್ನುತ್ತೆ.

ಒಂದು ಭಾನುವಾರ ಇದನ್ನು ಕನ್ನಡದಲ್ಲಿ ಮಾಡಲು ಕೂತೆ. ಇಂಗ್ಲಿಷಿನಷ್ಟು ಸುಲಭವಲ್ಲ ಸ್ವಾಮಿ. 'ನನಗೆ' ತೆಗೆದು 'ನಿಮಗೆ' ಹಾಕಿದರೆ ಮುಗಿಯಲ್ಲ, ನಮ್ಮ ಕ್ರಿಯಾಪದದ ಬಾಲದಲ್ಲೂ ಆಳು ಕೂತಿರುತ್ತಾನೆ. 'ಸೋತೆ' ಹೋಗಿ 'ಸೋತಿರಿ' ಆಗಬೇಕು. ಸಂಜೆಯವರೆಗೆ ಒದ್ದಾಡಿ ಇನ್ನೂರು ಸಾಲಿನ ಕೋಡ್ ಬರೆದೆ. ಹೆಂಡತಿ ಪರೀಕ್ಷೆ ಮಾಡಲು ಕೂತಳು. "ನನ್ನ ಗಂಡ ನನ್ನ ಮಾತು ಕೇಳಲ್ಲ" ಅಂತ ಟೈಪ್ ಮಾಡಿದಳು. "ನಿಮ್ಮ ಗಂಡ ನಿಮ್ಮ ಮಾತು ಕೇಳಲ್ಲ ಅಂತ ಯಾವಾಗಿಂದ ಅನ್ನಿಸ್ತಿದೆ?" ಅಂತ ಬಂತು. ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅದಕ್ಕೆ ಉತ್ತರ ಟೈಪ್ ಮಾಡಲು ಶುರು ಮಾಡಿದಳು. ನಾನು ಕಾಫಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ವೈಜೆನ್‌ಬಾಮ್‌ಗೂ ಹೀಗೇ ಆಗಿತ್ತು. ಅವರ ಸೆಕ್ರೆಟರಿ ತಿಂಗಳುಗಟ್ಟಲೆ ಅವರು ಆ ಪ್ರೋಗ್ರಾಂ ಬರೆಯುವುದನ್ನು ನೋಡಿದ್ದವರು, ಅದು ಬರೀ ಪ್ರೋಗ್ರಾಂ ಅಂತ ಚೆನ್ನಾಗಿ ಗೊತ್ತಿದ್ದವರು. ಆದರೂ ಎಲೈಜಾ ಜೊತೆ ನಾಲ್ಕು ಮಾತು ಆಡುವಷ್ಟರಲ್ಲಿ, ನೀವು ಸ್ವಲ್ಪ ರೂಮಿನಿಂದ ಹೊರಗೆ ಹೋಗ್ತೀರಾ ಅಂತ ಅವರನ್ನೇ ಕೇಳಿದರು. ಇದು ಎಲ್ಲರೂ ಹೇಳುವ ಕಥೆ. ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ 1976ರ ಪುಸ್ತಕದಲ್ಲಿ ಅದರ ಪಕ್ಕದಲ್ಲೇ ಇರುವ ಇನ್ನೊಂದು ಪ್ರಸಂಗ. ಎಲೈಜಾ ಜೊತೆ ಜನ ಆಡಿದ ಮಾತುಗಳನ್ನೆಲ್ಲ ಆಮೇಲೆ ತೆಗೆದು ನೋಡುವ ವ್ಯವಸ್ಥೆ ಮಾಡಬಹುದು ಅಂತ ವೈಜೆನ್‌ಬಾಮ್ ಒಮ್ಮೆ ಹೇಳಿದರು. ಪ್ರೋಗ್ರಾಂ ಬರೆದವನಿಗೆ ಸಹಜವಾಗಿ ಬರುವ ಯೋಚನೆ. ಕೂಡಲೇ ಜನ ಮೈಮೇಲೆ ಬಿದ್ದರು: ನಮ್ಮ ಒಳಗಿನ ಮಾತಿನ ಮೇಲೆ ಗೂಢಚಾರಿಕೆ ಮಾಡ್ತೀರಾ ಅಂತ.

ನೋಡಿ, ಅಲ್ಲಿ ಕೇಳಿಸಿಕೊಳ್ಳೋರೇ ಇರಲಿಲ್ಲ. ಇದ್ದದ್ದು ಪದ ಅದಲುಬದಲು ಮಾಡುವ ಯಂತ್ರ. ಆದರೂ ಮಾತಾಡಿದವರಿಗೆ ತಾವು ಆಡಿದ ಮಾತು ತಮ್ಮದು, ಅದು ಎಲ್ಲಿಗೆ ಹೋಗಬೇಕು ಅನ್ನೋದು ತಮಗೆ ಬಿಟ್ಟದ್ದು ಅನ್ನೋ ಹಕ್ಕಿನ ಭಾವನೆ ಎಷ್ಟು ಗಟ್ಟಿಯಾಗಿತ್ತು! ತಿರುಗಿಸಿ ಹೇಳುವ ಕೌಶಲವನ್ನು ಯಂತ್ರವೂ ಮಾಡಬಹುದು, ಅದು ಕೆಲಸವನ್ನೂ ಮಾಡುತ್ತದೆ, ಜನ ಬಾಯಿ ಬಿಡುತ್ತಾರೆ. ಬಾಯಿ ಬಿಡಿಸುವುದು ಸುಲಭ ಅಂತ ಗೊತ್ತಾಗಿದ್ದೇ ವೈಜೆನ್‌ಬಾಮ್‌ಗೆ ಹೆದರಿಕೆ ಹುಟ್ಟಿಸಿತು. ಕೆಲವು ಮನೋವೈದ್ಯರು ಇದನ್ನೇ ಬೆಳೆಸಿ ಆಸ್ಪತ್ರೆಗಳಲ್ಲಿ ಥೆರಪಿಗೆ ಹಚ್ಚಬಹುದು ಅಂದಾಗ ಅವರು ದಂಗಾದರು. ಮುಂದೆ 2008ರಲ್ಲಿ ತೀರಿಕೊಳ್ಳುವವರೆಗೂ ತಮ್ಮದೇ ಕ್ಷೇತ್ರದ ಟೀಕಾಕಾರರಾಗಿ ಉಳಿದರು.

ಈಗಿನ ಅರ್ಥದ ಕೋಚಿಂಗ್ ಬಂದದ್ದು ಇನ್ನೊಂದು ಬಾಗಿಲಿನಿಂದ, ಟೆನಿಸ್ ಕೋರ್ಟಿನಿಂದ. ಹಾರ್ವರ್ಡ್ ಟೆನಿಸ್ ತಂಡದ ಕ್ಯಾಪ್ಟನ್ ಆಗಿದ್ದ ತಿಮೊತಿ ಗಾಲ್ವೇ ಟೆನಿಸ್ ಹೇಳಿಕೊಡುವಾಗ ಒಂದು ವಿಷಯ ಕಂಡುಕೊಂಡರು. ತಾನು ಸೂಚನೆ ಕೊಡುವುದು ಕಮ್ಮಿ ಮಾಡಿದಷ್ಟೂ ಕಲಿಯುವವರು ಬೇಗ ಸುಧಾರಿಸುತ್ತಾರೆ. ಮೊಣಕೈ ಹೀಗಿಡು ಹಾಗಿಡು ಅನ್ನೋ ಬದಲು, ಚೆಂಡು ನೆಲಕ್ಕೆ ಬಡಿದಾಗ ಒಂದು ಪದ, ಬ್ಯಾಟಿಗೆ ಬಡಿದಾಗ ಒಂದು ಪದ ಬಾಯಲ್ಲಿ ಹೇಳು ಅನ್ನೋರು. ಗಮನ ಚೆಂಡಿನ ಮೇಲೆ ನಿಂತರೆ ಕೈ ತಾನಾಗಿ ಸರಿಹೋಗುತ್ತಿತ್ತು. 1974ರ ಅವರ ಪುಸ್ತಕ ಟೆನಿಸ್ ಆಡದವರೂ ಓದುವ ಪುಸ್ತಕವಾಯಿತು. ಕಾರ್ ರೇಸಿಂಗ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಆಗಿದ್ದ ಜಾನ್ ವಿಟ್‌ಮೋರ್ ಇದನ್ನು ಬ್ರಿಟನ್ನಿಗೆ ಒಯ್ದರು. ಒಮ್ಮೆ ಅವರ ಸ್ಕೀ ಶಾಲೆಗೆ ಜನ ಸಾಲದೆ ಹೋದಾಗ ಸ್ಕೀ ಮಾಡಲು ಬಾರದ ಟೆನಿಸ್ ಕೋಚ್‌ಗಳಿಗೆ ಸ್ಕೀ ಶಿಕ್ಷಕರ ಅಂಗಿ ತೊಡಿಸಿ ಕಳಿಸಿದರಂತೆ. ಕಲಿಯುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ, ನಿಜವಾದ ಸ್ಕೀ ಶಿಕ್ಷಕರಿಗಿಂತ ಇವರೇ ಒಂದು ಕೈ ಮೇಲಾದರು ಅಂತ ವಿಟ್‌ಮೋರ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕೋಚ್‌ಗೆ ವಿಷಯ ಗೊತ್ತಿರಬೇಕಿಲ್ಲ ಅನ್ನೋದಕ್ಕೆ ಇದು ದೊಡ್ಡ ಸಾಕ್ಷಿಯಾಗಿ ಇವತ್ತಿಗೂ ಓಡಾಡುತ್ತಿದೆ. ನನಗೆ ಮಾತ್ರ ಆ ಅಂಗಿಯ ಮೇಲೇ ಕಣ್ಣು. ಸ್ಕೀ ಕಲಿಯಲು ದುಡ್ಡು ಕೊಟ್ಟು ಬಂದವರಿಗೆ, ಎದುರಿಗಿರೋನಿಗೆ ಸ್ಕೀ ಬರಲ್ಲ ಅಂತ ಯಾರಾದರೂ ಹೇಳಿದ್ದರಾ?

1980ರ ದಶಕದಲ್ಲಿ ಇವರೆಲ್ಲ ಕಂಪನಿಗಳ ಕಡೆ ಹೊರಳಿದರು. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ದಾರಿಗಳಿವೆ, ಏನು ಮಾಡ್ತೀರಿ ಅನ್ನೋ ನಾಲ್ಕು ಹೆಜ್ಜೆಯ ಗ್ರೋ ಮಾದರಿ ಆಗಿನದು. ಅಮೆರಿಕದಲ್ಲಿ ಥಾಮಸ್ ಲಿಯೊನಾರ್ಡ್ ಅನ್ನೋ ಹಣಕಾಸು ಸಲಹೆಗಾರರು ಇದನ್ನೊಂದು ವೃತ್ತಿಯನ್ನಾಗಿ ಮಾಡಿದರು. ದುಡ್ಡಿನ ಲೆಕ್ಕ ಕೇಳಲು ಬಂದವರು ಬದುಕಿನ ಲೆಕ್ಕ ಕೇಳುತ್ತಿದ್ದರು, ಅಲ್ಲಿಂದ ಶುರು. 1992ರಲ್ಲಿ ಕೋಚ್‌ಗಳಿಗೊಂದು ಶಾಲೆ ತೆರೆದರು, 1995ರಲ್ಲಿ ಒಂದು ಒಕ್ಕೂಟ. ಅದೇ ಈಗಿನ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್, ಐಸಿಎಫ್. ಬೆಂಗಳೂರಿನಲ್ಲಿ ಲಿಂಕ್ಡ್‌ಇನ್ ತೆರೆದರೆ ಎಸಿಸಿ, ಪಿಸಿಸಿ, ಎಂಸಿಸಿ ಅಂತ ಹೆಸರಿನ ಮುಂದೆ ಕಾಣುತ್ತಲ್ಲ, ಅದು ಇವರು ಕೊಡೋದು. ಕ್ರಮವಾಗಿ ಕನಿಷ್ಠ 100, 500, 2,500 ಗಂಟೆ ಕೋಚಿಂಗ್ ಮಾಡಿರಬೇಕು. ಕೋಚ್‌ಗೆ ಇರಬೇಕಾದ ಕೌಶಲಗಳ ಪಟ್ಟಿ ಮೊದಲು ಹನ್ನೊಂದಿತ್ತು, 2019ರಲ್ಲಿ ತಿದ್ದಿ ಎಂಟು ಮಾಡಿದರು. ಎರಡರಲ್ಲೂ ಮೊದಲನೆಯದು ನೀತಿ. ಕೇಳಿಸಿಕೊಳ್ಳೋದು, ಪ್ರಶ್ನೆ ಕೇಳೋದು ಎಲ್ಲ ಆಮೇಲೆ.

ನಾನು ಆ ನೀತಿಸಂಹಿತೆಯನ್ನು ಓದಿದ್ದು ಎಲ್ಲಾ ಆದಮೇಲೆ, ಅಪ್ರೈಸಲ್ ಮುಗಿದ ಮೇಲೆ. ಅದರಲ್ಲಿ ಮೂರು ಪಾತ್ರಗಳನ್ನು ಬೇರೆ ಬೇರೆ ಹೆಸರಿಟ್ಟು ಕರೆದಿದ್ದಾರೆ. ಕೋಚ್, ಕ್ಲೈಂಟ್, ಸ್ಪಾನ್ಸರ್. ಸ್ಪಾನ್ಸರ್ ಅಂದರೆ ಕೋಚಿಂಗ್ ಏರ್ಪಾಡು ಮಾಡಿ ದುಡ್ಡು ಕೊಡೋರು. ಮೊದಲ ಭೇಟಿಯ ಹೊತ್ತಿಗೇ ಗುಟ್ಟಿನ ಮಿತಿ ಎಲ್ಲಿಯವರೆಗೆ, ಯಾವ ಮಾಹಿತಿ ಯಾರಿಗೆ ಹೋಗುತ್ತೆ ಅನ್ನೋದು ಕ್ಲೈಂಟ್‌ಗೂ ಸ್ಪಾನ್ಸರ್‌ಗೂ ಇಬ್ಬರಿಗೂ ಸ್ಪಷ್ಟವಾಗಿರಬೇಕು ಅಂತಿದೆ. ಕಾನೂನು ಕೇಳಿದರೆ, ಜೀವಕ್ಕೆ ಅಪಾಯ ಇದ್ದರೆ ಗುಟ್ಟು ಉಳಿಸಿಕೊಳ್ಳಲು ಆಗದೇ ಇರಬಹುದು, ಅದನ್ನೂ ಮೊದಲೇ ಹೇಳಬೇಕು ಅಂತಿದೆ. ನನ್ನ ಹಾಗೆ ಕಂಪನಿಯೊಳಗಿನ ಕೋಚ್ ಸಿಕ್ಕವರಿಗೆ ಹಿತಾಸಕ್ತಿಯ ತಿಕ್ಕಾಟ ಆಗಬಹುದು ಅನ್ನೋದನ್ನೂ ಯೋಚಿಸಿದ್ದಾರೆ. ಸಿಸೆರೊದ ಕಾರ್ಖಾನೆಯಲ್ಲಿ ಎದ್ದ ಪ್ರಶ್ನೆಗೆ ಇಷ್ಟು ವರ್ಷದ ಮೇಲೆ ಬರೆದ ಉತ್ತರ ಅದು ಅನ್ನಿಸಿತು ನನಗೆ.

ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಅದು ಸದಸ್ಯರಿಗೆ ಮಾತ್ರ. ಮೀರಿದರೆ ಹೆಚ್ಚೆಂದರೆ ಸದಸ್ಯತ್ವ, ಸರ್ಟಿಫಿಕೇಟ್ ಹೋಗಬಹುದು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು, ಕೋಚ್ ಆಗಲು ಬೋರ್ಡು ಸಾಕು. 2002ರಲ್ಲೇ ಸ್ಟೀವನ್ ಬರ್ಗ್ಲಾಸ್ ಅನ್ನೋ ಮನೋಶಾಸ್ತ್ರಜ್ಞ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಎಚ್ಚರಿಸಿದ್ದರು, ಮನಸ್ಸಿನ ಆಳದ ತೊಂದರೆ ಇದ್ದವರನ್ನು ತರಬೇತಿಯಿಲ್ಲದ ಕೋಚ್‌ಗಳ ಕೈಗೆ ಕೊಟ್ಟರೆ ಇನ್ನೂ ಕೆಡುತ್ತಾರೆ ಅಂತ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮೋಸ ಹೋದವನಾಗಿ ಉಳಿಯುತ್ತಿದ್ದೆ, ಬರೆಯಲೂ ಹಿತವಾಗಿರುತ್ತಿತ್ತು. ಆದರೆ ಆ ಕಂಪನಿ ಬಿಟ್ಟು ಬೇರೆ ಕಡೆ ಸೇರಿ, ನಾನೇ ಒಂಬತ್ತು ಜನರ ಟೀಮಿಗೆ ಮ್ಯಾನೇಜರ್ ಆದೆ. ಮ್ಯಾನೇಜರ್‌ಗಳಿಗೆ ಎರಡು ದಿನದ ಕೋಚಿಂಗ್ ತರಬೇತಿ ಕೊಟ್ಟರು. ನನಗೆ ಚೆನ್ನಾಗಿ ಬಂತು. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಸಲಹೆ ಕೊಡುತ್ತಿರಲಿಲ್ಲ. ಅವರು ಸುಮ್ಮನಾದರೆ ನಾನೂ ಸುಮ್ಮನಿರುತ್ತಿದ್ದೆ. ಟೀಮಿನಲ್ಲೊಬ್ಬಳು ಬುದ್ಧಿವಂತ ಹುಡುಗಿ ಒಂದು ದಿನ, ಬೇರೆ ಕಡೆ ಇಂಟರ್‌ವ್ಯೂ ಕೊಡ್ತಿದೀನಿ, ಇನ್ನೂ ಗಟ್ಟಿಯಾಗಿಲ್ಲ, ನಿಮ್ಮ ಹತ್ರ ಮುಚ್ಚಿಡೋಕೆ ಆಗ್ತಿಲ್ಲ ಅಂದಳು.

ನಾನು ಯಾರಿಗೂ ಹೇಳಲಿಲ್ಲ. ಯಾವ ಶೀಟಿನಲ್ಲೂ ಬರೆಯಲಿಲ್ಲ. ಮುಂದಿನ ತಿಂಗಳು ಹೊಸ ಪ್ರಾಜೆಕ್ಟಿಗೆ ಯಾರನ್ನು ಹಾಕೋದು ಅಂತ ಕೂತಾಗ ಅವಳ ಹೆಸರನ್ನು ನಾನೇ ಪಕ್ಕಕ್ಕಿಟ್ಟೆ. ಅರ್ಧದಲ್ಲಿ ಬಿಟ್ಟು ಹೋದರೆ ಗತಿ ಏನು, ಅನ್ನೋದು ನನ್ನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ಕೇಬಿನ್‌ವರೆಗೆ ಬಂದು ಬಾಗಿಲಲ್ಲೇ ನಿಂತು "ಸರ್, ನಾನು ಅವತ್ತು ಹೇಳಿದ್ದಕ್ಕೇನಾ?" ಅಂದಳು. ಅಲ್ಲ ಅಂದೆ. ಅವಳು ನಂಬಲಿಲ್ಲ. ಇಂಟರ್‌ವ್ಯೂನಲ್ಲಿ ಆಗಲಿಲ್ಲವಂತೆ, ಇನ್ನೂ ಒಂದು ವರ್ಷ ನಮ್ಮಲ್ಲೇ ಇದ್ದಳು. ಆ ವರ್ಷವೆಲ್ಲ ನಮ್ಮ ಮಾತುಕತೆಯಲ್ಲಿ ಕೋಡ್ ಬಿಟ್ಟು ಬೇರೇನೂ ಬರಲಿಲ್ಲ.

ಇಲ್ಲಿ ಕೋಚೂ ನಾನೇ, ಸ್ಪಾನ್ಸರೂ ನಾನೇ. ಹಾಥಾರ್ನ್‌ನವರು ಕೌನ್ಸೆಲರ್‌ಗೆ ಯಾವ ಅಧಿಕಾರವನ್ನೂ ಕೊಡದೆ ಇಟ್ಟದ್ದು ಯಾಕೆ ಅಂತ ಆಗ ಅರ್ಥವಾಯಿತು. ನನಗೆ ಅಧಿಕಾರವೂ ಇತ್ತು, ಕೇಳಿಸಿಕೊಳ್ಳುವ ವಿದ್ಯೆಯೂ ಇತ್ತು. ಹಳೇ ಕೋಚ್‌ಗೆ ಒಂದು ಮೆಸೇಜ್ ಹಾಕಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ, ಹಾಕಿಲ್ಲ.

ಈಗ ಹೊಸಬರು ಟೀಮಿಗೆ ಬಂದರೆ ಮೊದಲ ದಿನವೇ ಹೇಳಿಬಿಡುತ್ತೇನೆ. ನಿಮ್ಮ ಸಂಬಳ, ರೇಟಿಂಗ್, ಪ್ರಾಜೆಕ್ಟ್ ನಿರ್ಧಾರ ಮಾಡುವುದರಲ್ಲಿ ನಾನಿದ್ದೇನೆ. ನೀವು ಹೇಳಿದ್ದನ್ನು ಯಾರಿಗೂ ಹೇಳಲ್ಲ, ಆದರೆ ನಾನು ಅದನ್ನು ಮರೆಯೋಕಾಗಲ್ಲ. ಮಾತಾಡಲೇಬೇಕು ಅನ್ನಿಸಿದರೆ ಹೊರಗಿನ ಕೋಚ್ ಇದ್ದಾರೆ, ಅವರ ಜೊತೆ ಮಾಡಿಕೊಂಡ ಒಪ್ಪಂದದ ಪ್ರತಿ ಕೊಡ್ತೀನಿ, ಓದಿಕೊಂಡು ಹೋಗಿ.

ಹೋದ ತಿಂಗಳು ದಾವಣಗೆರೆ ಕಡೆಯ ಹುಡುಗ ಒಬ್ಬ ಸೇರಿದ. ಇಷ್ಟೆಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಟೇಬಲ್ ನೋಡಿ, "ಹಂಗಾದ್ರೆ ಮಳೆ ಬಗ್ಗೆ ಮಾತಾಡಾಣ್ರೀ ಸರ್" ಅಂದ. ಇಬ್ಬರೂ ನಕ್ಕೆವು. ಅರ್ಧ ಗಂಟೆ ಬುಕ್ ಆಗಿತ್ತು. ಬೆಳ್ಳಂದೂರಿನ ರಸ್ತೆಯಲ್ಲಿ ನಿಂತ ನೀರಿನ ಬಗ್ಗೆ, ಅವರ ಊರಿನ ಕಡೆ ಮೆಕ್ಕೆಜೋಳಕ್ಕೆ ಬೇಕಾದಾಗ ಬಾರದ ಮಳೆಯ ಬಗ್ಗೆ ಮಾತಾಡಿದೆವು.